ತಂಗಳು ಪೆಟ್ಟಿಗೆಗೆ ಜ್ವರ

ಮೊದಲು ಒಡೆದದ್ದು ಹಾಲು. ಆಮೇಲೆ ಮನೆಯೂ ಒಡೆಯುವುದರಲ್ಲಿತ್ತು, ಕೂದಲೆಳೆಯಲ್ಲಿ ತಪ್ಪಿತು.

ಹೋದ ಏಪ್ರಿಲ್ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಆರಕ್ಕೆ ಕಾಫಿಗೆಂದು ಒಲೆಯ ಮೇಲಿಟ್ಟ ಹಾಲು ಉಕ್ಕುವ ಮುಂಚೆಯೇ ಚೂರುಚೂರಾಗಿ ತಿಳಿನೀರಿನಲ್ಲಿ ತೇಲತೊಡಗಿತು. ನಮ್ಮ ಮೈಸೂರಿನ ಮನೆಗಳಲ್ಲಿ ಕಾಫಿ ಆಗದೆ ಬೆಳಗಾಯಿತೆಂದು ಯಾರೂ ಒಪ್ಪುವುದಿಲ್ಲ. “ಬೂತಿನವನು ಹಳೇ ಪ್ಯಾಕೆಟ್ ತಗಲಿಸಿದಾನೆ” ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಭಾನುವಾರ ಮೊಸರು ಬಾಯಿಗಿಟ್ಟರೆ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ. ಆ ಅಪರಾಧ ಬೇಸಿಗೆಯ ಮೇಲೆ ಹೋಯಿತು. ಸೋಮವಾರ ರಾತ್ರಿ ಒಳಗಿಟ್ಟ ದೋಸೆಹಿಟ್ಟು ಮಾತ್ರ ಯಾರ ಮೇಲೂ ತಪ್ಪು ಹೊರಿಸಲು ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಅದು ಮುಚ್ಚಳವನ್ನು ತಳ್ಳಿ ಎದ್ದು, ಅಂಚು ದಾಟಿ, ಕೆಳಗಿನ ತರಕಾರಿ ಡಬ್ಬಿಗೆ ಇಳಿದು, ಅಲ್ಲಿ ಮಲಗಿದ್ದ ನಾಲ್ಕು ಬದನೆಕಾಯಿಗಳಿಗೆ ಬಿಳಿ ಶಾಲು ಹೊದಿಸಿತ್ತು. ಸನ್ಮಾನ ಸಮಾರಂಭ ಮುಗಿದ ಸಭೆಯ ಹಾಗೆ ಫ್ರಿಜ್ಜಿನ ಒಳಗೆಲ್ಲ ಬೆಚ್ಚಗಿನ ವಾಸನೆ.

ಅಮ್ಮ ಹಿಂದಿನಿಂದ ಇಣುಕಿ, ಒಳಗೆ ಕೈಯಿಟ್ಟು ನೋಡಿ, “ಮೈ ಸುಡ್ತಿದೆ ಕಣೋ. ನಿನ್ನ ತಂಗಳು ಪೆಟ್ಟಿಗೆಗೆ ಜ್ವರ” ಅಂದಳು.

ಅಮ್ಮನಿಗೆ ಎಂಬತ್ತೆರಡು. ಫ್ರಿಜ್ ಎಂಬ ಹೆಸರು ಆಕೆಗೆ ಗೊತ್ತಿಲ್ಲವೆಂದಲ್ಲ, ಅದಕ್ಕೆ ಆಕೆಯ ಒಪ್ಪಿಗೆ ಇಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಶೀತಕ, ಶೈತ್ಯಯಂತ್ರ, ತಂಪುಪೆಟ್ಟಿಗೆ ಎಂದೆಲ್ಲ ಆಕೆಗೆ ಒಪ್ಪಿಸಿ ನೋಡಿದ್ದುಂಟು. ‘ತಂಪು’ ಎಂಬಲ್ಲಿ ‘ತಂಗಳು’ ಸೇರಿಸಿ ಆಕೆ ನಾಮಕರಣ ಮುಗಿಸಿದಳು. ಭಾಷೆಯ ದೃಷ್ಟಿಯಿಂದಲೂ ಅದನ್ನು ತಿದ್ದುವಂತಿಲ್ಲ. ಬಿಸಿಬಿಸಿಯಾದದ್ದನ್ನು ಯಾರೂ ಅದರಲ್ಲಿ ಇಡುವುದಿಲ್ಲ, ಇವತ್ತು ತಿನ್ನುವುದನ್ನೂ ಇಡುವುದಿಲ್ಲ. ನಿನ್ನೆ ಮಿಕ್ಕದ್ದನ್ನು ನಾಳೆ ಎಸೆಯುವುದಕ್ಕೆ ಇವತ್ತು ಒಂದು ಜಾಗ ಬೇಕಲ್ಲ, ಅದೇ ಅದು.

ನಮ್ಮ ಮನೆಗೆ ಮೊದಲ ಫ್ರಿಜ್ ಬಂದದ್ದು 1989ರಲ್ಲಿ. 165 ಲೀಟರಿನ, ಒಂದೇ ಬಾಗಿಲಿನದು. ಅಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ನಡುಮನೆಯಲ್ಲೇ ಪ್ರತಿಷ್ಠಾಪಿಸಿದ್ದರು. ಅಡುಗೆಮನೆಯಲ್ಲಿಟ್ಟರೆ ಬಂದವರಿಗೆ ಕಾಣುವುದು ಹೇಗೆ? ಬೀದಿಯಲ್ಲಿ ಯಾರ ಕಾಲು ಉಳುಕಿದರೂ ಐಸ್ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಅದರ ಬೆನ್ನಿಗೆ ಕಪ್ಪನೆಯ ಕಂಬಿಗಳ ಜಾಲರಿಯೊಂದಿತ್ತು, ಸದಾ ಬೆಚ್ಚಗೆ. ಮಳೆಗಾಲದಲ್ಲಿ ನನ್ನ ತಂಗಿಯ ಶಾಲೆಯ ಸಾಕ್ಸು ಒಣಗುತ್ತಿದ್ದುದು ಅದರ ಮೇಲೆಯೇ. ಫ್ರಿಜ್ಜಿನಿಂದ ತನಗೆ ಆದ ಉಪಕಾರವೆಂದು ಅಮ್ಮ ಇವತ್ತಿಗೂ ಒಪ್ಪಿಕೊಳ್ಳುವುದು ಅದೊಂದನ್ನೇ.

ಆ ಫ್ರಿಜ್ಜಿನ ಅಂತ್ಯ ಅಪ್ಪನ ಕೈಯಲ್ಲೇ ಆಯಿತು. ಮೇಲಿನ ಗೂಡಿನಲ್ಲಿ ಐಸಿನ ತಟ್ಟೆ ಅಂಟಿಕೊಂಡಿತೆಂದು ಅವರು ಈರುಳ್ಳಿ ಹೆಚ್ಚುವ ಚಾಕುವಿನಿಂದ ಮೀಟಿದರು. ‘ಸುಯ್’ ಎಂದು ಒಂದು ನಿಟ್ಟುಸಿರು. ಅಷ್ಟೇ. ಆ ತೆಳುವಾದ ಅಲ್ಯೂಮಿನಿಯಂ ಗೋಡೆಯೊಳಗೇ ಗ್ಯಾಸ್ ಹರಿಯುವ ದಾರಿ ಇರುತ್ತದೆಂದು ಅಪ್ಪನಿಗೆ ತಿಳಿದದ್ದು ಅದು ಹರಿದುಹೋದ ಮೇಲೆ. ಅಂದಿನಿಂದ ನಮ್ಮ ಮನೆಯಲ್ಲಿ ಫ್ರಿಜ್ಜಿನ ಹತ್ತಿರ ಚಾಕು ಹಿಡಿದು ಹೋಗುವುದು ನಿಷಿದ್ಧ. ಸೇಬು ಹೆಚ್ಚಬೇಕಾದರೂ ಸೇಬೇ ಚಾಕುವಿನ ಹತ್ತಿರ ಬರಬೇಕು.

ಈಗ ಜ್ವರ ಬಂದದ್ದು ಎರಡು ಬಾಗಿಲಿನ, ಐಸ್ ಕಟ್ಟುವುದಿಲ್ಲವೆಂದು ಹೇಳಿ ಮಾರಿದ ಹನ್ನೊಂದು ವರ್ಷದ ಫ್ರಿಜ್ಜಿಗೆ. ವೈದ್ಯಕ್ಕೆ ನಾನೇ ಇಳಿದೆ. ಜ್ವರ ಎಷ್ಟಿದೆ ನೋಡೋಣವೆಂದು ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಥರ್ಮಾಮೀಟರನ್ನು ಮೊಸರಿನ ಪಕ್ಕ ಮಲಗಿಸಿದೆ. ಕೆಳಗಿನ ಖಾನೆಯಲ್ಲಿ ನಾಲ್ಕು ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು, ಫ್ರೀಜರಿನಲ್ಲಿ ಸೊನ್ನೆಗಿಂತ ಹದಿನೆಂಟು ಕೆಳಗೆ. ಮನುಷ್ಯರ ಜ್ವರ ನೋಡುವ ಯಂತ್ರಕ್ಕೆ ಅಷ್ಟು ಕೆಳಗಿನ ಲೆಕ್ಕ ಗೊತ್ತಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅದು ‘ಲೋ’ ಎಂದು ಬರೆದು ತೋರಿಸಿತು. ನಿವೃತ್ತನಾದ ಮೇಲೆ ನನ್ನನ್ನು ಹಾಗೆ ಏಕವಚನದಲ್ಲಿ ಕರೆದದ್ದು ಅಮ್ಮನನ್ನು ಬಿಟ್ಟರೆ ಅದೊಂದೇ.

ಎರಡನೆಯ ಪರೀಕ್ಷೆ ತಿರುಗುಗುಂಡಿಯದು. ಒಳಗೆ ಒಂದರಿಂದ ಏಳರವರೆಗೆ ಅಂಕಿಗಳಿರುವ ಗುಂಡಿಯೊಂದಿದೆಯಲ್ಲ, ಅದು. ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ಬಗ್ಗಿ ನೋಡಿದರೆ ಅದು ಒಂದರಲ್ಲಿತ್ತು.

“ನಾನು ಏಳಕ್ಕೆ ಇಟ್ಟಿದ್ದೆ! ಯಾರು ತಿರುಗಿಸಿದ್ದು?” ಎಂದಳು ಹೆಂಡತಿ.

ವಿಚಾರಣೆ ನಡೆಯಿತು. ಹನ್ನೊಂದು ವರ್ಷಗಳಿಂದ ಬೇಸಿಗೆ ಬಂದ ಕೂಡಲೇ ಅವಳು ಗುಂಡಿಯನ್ನು ಏಳಕ್ಕೆ ತಿರುಗಿಸುತ್ತಿದ್ದಳು. ಕರೆಂಟ್ ಬಿಲ್ಲು ಬಂದ ಕೂಡಲೇ ನಾನು ಅದನ್ನು ಒಂದಕ್ಕೆ ತಿರುಗಿಸುತ್ತಿದ್ದೆ. ಇಬ್ಬರೂ ಇನ್ನೊಬ್ಬರಿಗೆ ತಿಳಿಯದ ಹಾಗೆ. ಸರಾಸರಿಯಲ್ಲಿ ಅದು ನಾಲ್ಕರಲ್ಲೇ ಇದ್ದು, ಕಂಪನಿಯ ಪುಸ್ತಕದಲ್ಲಿ ಹೇಳಿದ್ದೂ ನಡುವಿನ ಅಂಕಿಯನ್ನೇ ಆಗಿದ್ದರಿಂದ ಫ್ರಿಜ್ ಇಷ್ಟು ವರ್ಷ ಬಾಳಿತ್ತು. ಮನೆ ಒಡೆಯುವುದು ಕೂದಲೆಳೆಯಲ್ಲಿ ತಪ್ಪಿತೆಂದೆನಲ್ಲ, ಅದು ಈ ಸಂದರ್ಭದಲ್ಲಿ.

ಮೂರನೆಯದು ನೋಟಿನ ಪರೀಕ್ಷೆ. ಬಾಗಿಲಿನ ಸುತ್ತ ರಬ್ಬರಿನ ಪಟ್ಟಿ ಇರುತ್ತದೆ. ಅದರೊಳಗೆ ಅಯಸ್ಕಾಂತವಿರುವುದರಿಂದಲೇ ಬಾಗಿಲು ಚಪ್ಪೆಂದು ಅಂಟಿಕೊಳ್ಳುವುದು. ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಬಿಗಿಯಾಗಿ ಬಂದರೆ ಪಟ್ಟಿ ಚೆನ್ನಾಗಿದೆ, ಸಲೀಸಾಗಿ ಜಾರಿಬಂದರೆ ತಂಪು ಅಲ್ಲಿಂದಲೇ ಸೋರುತ್ತಿದೆ. ನಾನು ಹತ್ತರ ನೋಟು ಸಿಕ್ಕಿಸಿ ಎಳೆದೆ. ಅರ್ಧ ಬಂತು. ಪಟ್ಟಿ ಗಟ್ಟಿಯಾಗಿದೆಯೆಂದೂ ನೋಟು ಹಳೆಯದೆಂದೂ ಸಾಬೀತಾಯಿತು. ಆ ಪಟ್ಟಿಯ ಮಡಿಕೆಗಳನ್ನು ಬಿಡಿಸಿ ಒರೆಸುವಾಗ ಸಾಸಿವೆ, ಒಣಗಿದ ಕೊತ್ತಂಬರಿ ಎಲೆ, ಎರಡು ಇರುವೆ ಮತ್ತು ಕಳೆದ ಯುಗಾದಿಯದೋ ಅದರ ಹಿಂದಿನದೋ ಇರಬೇಕು, ಒಂದು ಬೇವಿನ ಹೂವು ಸಿಕ್ಕಿತು.

ನಾಲ್ಕನೆಯದಾಗಿ ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದು ಬೆನ್ನು ನೋಡಿದೆ. ಜಾಲರಿಯೇ ಇಲ್ಲ! ಯಾರೋ ಕದ್ದಿದ್ದಾರೆಂದು ಒಂದು ಗಳಿಗೆ ಗಾಬರಿಯಾಯಿತು. ಈಗಿನವುಗಳಲ್ಲಿ ಆ ಕೊಳವೆಗಳನ್ನು ಪಕ್ಕದ ತಗಡಿನೊಳಗೇ ಹುದುಗಿಸಿರುತ್ತಾರೆ, ಪಕ್ಕ ಮುಟ್ಟಿದರೆ ಬೆಚ್ಚಗಾಗುವುದು ಅದಕ್ಕೇ ಎಂದು ಆಮೇಲೆ ಗೊತ್ತಾಯಿತು. ಬೆಚ್ಚಗಿದ್ದರೆ ಒಳ್ಳೆಯ ಲಕ್ಷಣವಂತೆ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ತಂದು ಹೊರಗೆ ಸುರಿಯುತ್ತದೆ, ಅಷ್ಟೇ. ಬಿಸಿಯ ಹಮಾಲಿ. ಆ ಹಳೆಯ ಫ್ರಿಜ್ಜಿನ ಕಾಲದಲ್ಲಿ ಬೇಸಿಗೆಯ ಮಧ್ಯಾಹ್ನ ನಾವು ಫ್ರಿಜ್ಜಿನ ಬಾಗಿಲು ತೆರೆದು ಮುಂದೆ ಚಾಪೆ ಹಾಸಿ ಮಲಗಿದ್ದಾಗ ಅಪ್ಪ ಬೈದರಲ್ಲ, ವಿಜ್ಞಾನ ಅಪ್ಪನ ಕಡೆಗಿತ್ತು. ಮುಂದಿನ ಬಾಗಿಲಲ್ಲಿ ತಂಪು ಕೊಟ್ಟಷ್ಟನ್ನೂ ಹಿಂದಿನ ಜಾಲರಿಯಲ್ಲಿ ಬಿಸಿಯಾಗಿ ವಾಪಸ್ಸು ಕೊಟ್ಟು, ಮೋಟಾರು ತಿಂದ ಕರೆಂಟಿನ ಬಿಸಿಯನ್ನೂ ಕೊಸರಾಗಿ ಸೇರಿಸಿ, ಕೋಣೆ ಮೊದಲಿಗಿಂತ ಬಿಸಿಯಾಗುತ್ತದೆ.

ಇಷ್ಟು ಹೊತ್ತಿಗೆ ಸುದ್ದಿ ಹಬ್ಬಿತ್ತು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬರುವ ಹಾಗೆ ನೋಡಲು ಬಂದರು. ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗ, “ಅಂಕಲ್, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?” ಎಂದ. ಮಾಡಿದೆ. ಮೋಟಾರು ‘ಗುರ್’ ಎಂದು ಎದ್ದು ‘ಟಕ್’ ಎಂದು ಕೂತಿತು. ಮತ್ತೆ ಮಾಡಿದೆ. ಮತ್ತೆ ಗುರ್, ಮತ್ತೆ ಟಕ್. ಆರಿಸಿದ ಮೇಲೆ ಕನಿಷ್ಠ ಮೂರು ನಿಮಿಷವಾದರೂ ಬಿಡಬೇಕು, ಕೊಳವೆಗಳ ಒಳಗಿನ ಒತ್ತಡ ಸಮವಾಗದೆ ಕಂಪ್ರೆಸರ್ ಏಳಲಾರದು, ಆ ‘ಟಕ್’ ಅದನ್ನು ಸುಡದಂತೆ ಕಾಯುವ ಕಾವಲುಗಾರನ ಸದ್ದು ಎಂಬುದೂ ನನಗೆ ಆಮೇಲೆಯೇ ತಿಳಿದದ್ದು. ಎದುರು ಮನೆಯವರು ವೋಲ್ಟೇಜ್ ಅಂದರು. ಭಾವಮೈದ ಫೋನಿನಲ್ಲಿ ವಾಸ್ತು ಅಂದ. ಬೆಂಗಳೂರಿನಿಂದ ಮಗ, “ಹನ್ನೊಂದು ವರ್ಷ ಆಯ್ತಲ್ಲಪ್ಪಾ, ಹೊಸದು ತಗೊಳ್ಳಿ” ಅಂದ. ಪಕ್ಕದಲ್ಲಿ ಎಂಬತ್ತೆರಡರ ಅಮ್ಮ ಕೂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಫೋನಿನ ದನಿ ತಗ್ಗಿಸಿದೆ.

ಸಂಜೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ. ಆಗ ಹೆಂಡತಿ ಬೇಡವೆಂದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಐನ್‌ಸ್ಟೀನ್. ಆತನೂ ಫ್ರಿಜ್ ರಿಪೇರಿಗೆ ಇಳಿದವನೇ. ಬರ್ಲಿನ್ನಿನಲ್ಲಿ ಫ್ರಿಜ್ಜಿನಿಂದ ಸೋರಿದ ವಿಷದ ಗ್ಯಾಸಿಗೆ ಒಂದು ಸಂಸಾರವೇ ಬಲಿಯಾಯಿತೆಂದು ಓದಿ ನೊಂದು, ಲಿಯೊ ಸಿಲಾರ್ಡ್ ಎಂಬ ಗೆಳೆಯನ ಜೊತೆ ಕೂತು, ತಿರುಗುವ ಭಾಗಗಳೇ ಇಲ್ಲದ ಫ್ರಿಜ್ಜೊಂದನ್ನು ಯೋಚಿಸಿದ. 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು. ಆದರೆ ಅದು ಯಾರ ಅಡುಗೆಮನೆಗೂ ಬರಲಿಲ್ಲ. ಸಾಪೇಕ್ಷತೆಯನ್ನು ಬಿಡಿಸಿದವನಿಗೇ ಅಂಗಡಿಗೆ ಇಳಿಸಲಾಗದ ವಸ್ತುವಿನ ಮುಂದೆ ಹಳಗನ್ನಡದ ಸಂಧಿ ಬಿಡಿಸುತ್ತಿದ್ದವನದೇನು? ಸ್ಕ್ರೂಡ್ರೈವರ್ ಕೆಳಗಿಟ್ಟು ಕಂಪನಿಗೆ ಫೋನ್ ಮಾಡಿದೆ.

ಯಾವ ಕಂಪನಿ ಎಂಬುದು ಬೇಡ. ಬುಧವಾರ ಒಬ್ಬ ಇಸ್ತ್ರಿ ಅಂಗಿಯ ಹುಡುಗ ಬಂದ. ಬಾಗಿಲು ತೆಗೆದ, ಮುಚ್ಚಿದ, ಕೈಯಲ್ಲಿದ್ದ ಟ್ಯಾಬಿನಲ್ಲಿ ಬಹಳ ಹೊತ್ತು ಬೆರಳಾಡಿಸಿದ. ಜಾತಕ ನೋಡಿದವರ ಗಾಂಭೀರ್ಯದಲ್ಲಿ ಹೇಳಿದ: “ಕಂಪ್ರೆಸರ್ ಹೋಗಿದೆ ಸಾರ್. ಗ್ಯಾಸೂ ಇಲ್ಲ.”

ಅಮ್ಮ ಒಳಗಿನಿಂದಲೇ, “ಗ್ಯಾಸು ಹೋದ ವಾರ ತಾನೇ ಬಂತಲ್ಲೋ? ಇನ್ನೊಂದು ಸಿಲಿಂಡರೂ ಇದೆ” ಅಂದಳು.

ಅಂದಾಜು 9,800 ರೂಪಾಯಿ ಎಂದ. ಅದಕ್ಕಿಂತ ಹಳೆಯದನ್ನು ಕೊಟ್ಟುಬಿಟ್ಟರೆ ಹೊಸದರ ಬೆಲೆಯಲ್ಲಿ 1,500 ಕಳೆಯುತ್ತಾರಂತೆ. ಫ್ರಿಜ್ಜಿನ ಮುಖ ನೋಡಿದೆ. ಸಂತೆಗೆ ಹೊಡೆದ ಮುದಿ ಎತ್ತಿನ ಹಾಗೆ ಗೋಡೆಯಿಂದ ಈಚೆಗೆ ಅಡ್ಡಾದಿಡ್ಡಿ ನಿಂತಿತ್ತು. ಯೋಚಿಸಿ ಹೇಳುತ್ತೇನೆಂದು ಬಂದ ಖರ್ಚು ಕೊಟ್ಟು ಕಳಿಸಿದೆ.

ಮುಂದಿನ ಕೆಲಸ ಒಳಗಿದ್ದುದನ್ನು ಖಾಲಿ ಮಾಡುವುದು. ಇದನ್ನು ಊಟದ ಮೇಜಿನ ಮೇಲೆ ಮಾಡಬಾರದಿತ್ತು. ಮೊದಲು ಬಂದವು ಬಟ್ಟಲುಗಳು, ಹದಿನಾಲ್ಕು, ಪ್ರತಿಯೊಂದರ ಮೇಲೂ ಅದಕ್ಕೆ ಸೇರದ ತಟ್ಟೆ ಮುಚ್ಚಿದ್ದು. ಮೊನ್ನೆಯ ಹುಳಿ, ಆಚೆ ಮೊನ್ನೆಯ ಗೊಜ್ಜು, ಯಾವ ತಿಥಿಯದೆಂದು ತಿಳಿಯದ ಪಲ್ಯ. ನಿಂಬೆಹಣ್ಣಿನ ಹೋಳು ಐದು, ಐದೂ ಅರ್ಧ. ಒಂದನ್ನು ಮುಗಿಸದೆ ಇನ್ನೊಂದನ್ನು ಕುಯ್ದವರು ಯಾರೆಂದು ಯಾರೂ ಕೇಳಲಿಲ್ಲ, ಗುಂಡಿಯ ವಿಚಾರಣೆಯೇ ಸಾಕಾಗಿತ್ತು. ಹೋಟೆಲಿನಿಂದ ಬಂದ ಟೊಮೆಟೊ ಸಾಸಿನ ಚೀಟಿ ಇಪ್ಪತ್ತಮೂರು. 2019ರ ಕಣ್ಣಿನ ಔಷಧಿ. ಮೆಹಂದಿ ಕೋನ್. ಹೆಚ್ಚು ದಿನ ಬರುತ್ತದೆಂದು ಯಾರೋ ಹೇಳಿದ್ದಕ್ಕೆ ನಾನೇ ಇಟ್ಟು ಮರೆತಿದ್ದ ಗಡಿಯಾರದ ಸೆಲ್ಲುಗಳು. ತೆಂಗಿನ ಹೋಳು, ಮಲ್ಲಿಗೆ ಮೊಗ್ಗು, ತಿರುಪತಿ ಲಡ್ಡಿನ ಅರ್ಧ. ಪ್ರಸಾದವಾದ್ದರಿಂದ ಎಸೆಯುವಂತಿಲ್ಲ, ಕಲ್ಲಾದ್ದರಿಂದ ತಿನ್ನುವಂತಿಲ್ಲ.

ಆದರೆ ಮೇಲಿನ ಖಾನೆಯ ಬಾಗಿಲು ತೆಗೆದಾಗ ಒಂದು ವಿಚಿತ್ರ ಕಂಡಿತು. ಅಲ್ಲಿ ಎಲ್ಲವೂ ಬಂಡೆ. ಬಟಾಣಿ ಚೀಲವನ್ನು ಅಲ್ಲಾಡಿಸಿದರೆ ಗಿಲಕಿಯ ಸದ್ದು. ಐಸ್‌ಕ್ರೀಮಿನ ದೊಡ್ಡ ಡಬ್ಬಿಗಳು ನಾಲ್ಕಿದ್ದವು. ಆಸೆಯಿಂದ ತೆಗೆದರೆ ನಾಲ್ಕರಲ್ಲೂ ಹಿದುಕಿದ ಅವರೆಕಾಳು. ಸೊಗಡಿನ ಕಾಲದಲ್ಲಿ ಮೂಟೆಗಟ್ಟಲೆ ತಂದು, ಮನೆಮಂದಿಯೆಲ್ಲ ಟೀವಿ ಮುಂದೆ ಕೂತು ಉಗುರು ನೋಯುವವರೆಗೆ ಹಿದುಕಿ, ಯುಗಾದಿ ಕಳೆದ ಮೇಲೂ ಅವರೆಕಾಳಿನ ಹುಳಿ ಬೇಕೆಂದು ಹಟ ಹಿಡಿದವನು ನಾನೇ ಆದ್ದರಿಂದ ಆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲೆ ಹಿಮಾಲಯ, ಕೆಳಗೆ ಕಲಬುರಗಿ. ಇದು ಎಂಥ ಜ್ವರ?

ಅಂದಿನಿಂದ ಮೂರು ದಿನ ಅಡುಗೆಮನೆಯ ಅಧಿಕಾರ ಅಮ್ಮನ ಕೈಗೆ ಬಂತು. ಕುಂಬಾರಗೇರಿಯಿಂದ ನಲ್ಲಿ ಇರುವ ಮಣ್ಣಿನ ಹೂಜಿ ಬಂತು. ಹಾಲಿನ ಪಾತ್ರೆ ನೀರು ತುಂಬಿದ ತಟ್ಟೆಯಲ್ಲಿ ಕೂತು, ಮೇಲೆ ಒದ್ದೆ ಬಟ್ಟೆ ಹೊದ್ದು, ಅದರ ಅಂಚನ್ನು ತಟ್ಟೆಯ ನೀರಿಗೆ ಇಳಿಬಿಟ್ಟು, ಕಿಟಕಿಯ ಗಾಳಿಗೆ ಮುಖ ಮಾಡಿತು. ಕೊತ್ತಂಬರಿ ಸೊಪ್ಪು ಲೋಟದ ನೀರಿನಲ್ಲಿ ನಿಂತಿತು. ಹುಳಿ ಅಳತೆಯಲ್ಲಿ ಆಗತೊಡಗಿ, ಬಟ್ಟಲುಗಳು ಕಪಾಟಿನಲ್ಲಿ ತಮ್ಮ ತಮ್ಮ ಜಾಗಕ್ಕೆ ಮರಳಿದವು. ನಾನು ದಿನವೂ ದೇವರಾಜ ಮಾರುಕಟ್ಟೆಗೆ ಹೋಗಿ ಅರ್ಧ ಕಿಲೋ ಬೀನ್ಸು, ನಾಲ್ಕು ಬದನೆಕಾಯಿ ತಂದೆ. ಹಾಲು ಒಡೆಯಲಿಲ್ಲ.

ಈ ಹೂಜಿಯ ಗುಟ್ಟೂ ಫ್ರಿಜ್ಜಿನ ಗುಟ್ಟೂ ಒಂದೇ ಎಂದು ಆ ಮೂರು ದಿನಗಳಲ್ಲಿ ಓದಿ ತಿಳಿದೆ. ದ್ರವ ಆವಿಯಾಗುವಾಗ ಪಕ್ಕದಲ್ಲಿರುವುದರ ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ವಿಲಿಯಂ ಕಲೆನ್ ಎಂಬ ವೈದ್ಯ ಗಾಳಿ ತೆಗೆದ ಪಾತ್ರೆಯಲ್ಲಿ ಈಥರನ್ನು ಆವಿ ಮಾಡಿ ಒಂದಿಷ್ಟು ಮಂಜುಗಡ್ಡೆ ತೋರಿಸಿದ. ಆ ಆವಿಯನ್ನು ಹಾರಿಹೋಗಲು ಬಿಡದೆ ಹಿಡಿದು, ಅಮುಕಿ, ಮತ್ತೆ ದ್ರವ ಮಾಡಿ ಸುತ್ತಿಸುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ 1834ರಲ್ಲಿ ಪೇಟೆಂಟ್ ಪಡೆದ. ನಮ್ಮ ಫ್ರಿಜ್ಜುಗಳು ಇವತ್ತಿಗೂ ಮಾಡುತ್ತಿರುವುದು ಅದನ್ನೇ. ಹೂಜಿ ತನ್ನ ಆವಿಯನ್ನು ಬಿಟ್ಟುಕೊಡುತ್ತದೆ, ಫ್ರಿಜ್ ವಾಪಸ್ಸು ಹಿಡಿದುಕೊಳ್ಳುತ್ತದೆ, ವ್ಯತ್ಯಾಸ ಇಷ್ಟೇ. ಇವೆರಡೂ ಬೇಡವೆಂದು ಐಸನ್ನೇ ಹೊತ್ತು ತಂದವರೂ ಇದ್ದಾರೆ. 1833ರಲ್ಲಿ ಬಾಸ್ಟನ್ನಿನಿಂದ ಹೊರಟ ಒಂದು ಹಡಗು ಕೆರೆಯ ಹೆಪ್ಪುಗಡ್ಡೆಗಳನ್ನು ತುಂಬಿಕೊಂಡು, ನಾಲ್ಕು ತಿಂಗಳು ಸಮುದ್ರದಲ್ಲಿ ಕಳೆದು, ಎರಡು ಸಲ ಭೂಮಧ್ಯರೇಖೆ ದಾಟಿ ಕಲ್ಕತ್ತೆಗೆ ಬಂತು. ಅರ್ಧಕ್ಕಿಂತ ಹೆಚ್ಚು ಐಸ್ ಕರಗದೆ ಉಳಿದಿತ್ತಂತೆ. ಕರೆಂಟೂ ಇಲ್ಲ, ಕಂಪ್ರೆಸರೂ ಇಲ್ಲ. ನಮ್ಮದು ಒಂದು ರಾತ್ರಿ ಅರ್ಧ ಲೀಟರ್ ಹಾಲು ಕಾಯಲಿಲ್ಲ.

“ಮತ್ತೆ ನಾನೇನು ಹೇಳ್ತಿದ್ದೆ ಇಷ್ಟು ವರ್ಷ?” ಎಂದಳು ಅಮ್ಮ. ಆಕೆ ಕಲೆನ್ನನ ಹೆಸರು ಹೇಳಿದ್ದು ನನಗೆ ನೆನಪಿಲ್ಲ. ಒದ್ದೆ ಬಟ್ಟೆಯ ಮಾತು ಮಾತ್ರ ಹೇಳುತ್ತಿದ್ದುದು ನಿಜ.

ಶುಕ್ರವಾರ ತರಕಾರಿಯವಳು ಒಬ್ಬ ಮೆಕ್ಯಾನಿಕ್ಕಿನ ನಂಬರು ಕೊಟ್ಟಳು. ಅರವತ್ತು ದಾಟಿದ ಮನುಷ್ಯ, ಹಳೆಯ ಸ್ಕೂಟರು, ಕಾಲ ಬಳಿ ಒಂದು ತಗಡಿನ ಪೆಟ್ಟಿಗೆ. ಅವರು ಫ್ರಿಜ್ಜಿಗೆ ಕೈ ಹಚ್ಚಲಿಲ್ಲ. ಅಮ್ಮ ಕೊಟ್ಟ ಕಾಫಿ ಕುಡಿಯುತ್ತ ಪಕ್ಕದಲ್ಲಿ ಕೂತು ಅದರ ಸದ್ದು ಕೇಳಿದರು.

“ಮೇಷ್ಟ್ರೇ, ಮೇಲೆ ಐಸು ಗಟ್ಟಿ ಇದೆಯಾ?”

“ಬಂಡೆ.”

“ಮತ್ತೆ ಕಂಪ್ರೆಸರ್ ಹೋಗಿದ್ರೆ ಆ ಬಂಡೆ ಮಾಡಿದ್ದು ಯಾರು?”

ಮೂವತ್ತು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳಿದವನು ನಾನು. ಇಂಥದೊಂದು ಪ್ರಶ್ನೆ ಯಾವತ್ತೂ ಹೊಳೆದಿರಲಿಲ್ಲ.

ಪ್ಲಗ್ ಕಿತ್ತು, ಅವರೆಕಾಳನ್ನೆಲ್ಲ ಈಚೆ ತೆಗೆಸಿ, ಫ್ರೀಜರಿನ ಹಿಂಗೋಡೆಯ ಎರಡು ಸ್ಕ್ರೂ ಬಿಚ್ಚಿದರು. ಪ್ಲಾಸ್ಟಿಕ್ ಹಲಗೆ ಸುಲಭಕ್ಕೆ ಬರಲಿಲ್ಲ. ಬಿಸಿನೀರಿನ ಬಟ್ಟೆ ಒತ್ತಿ ಒತ್ತಿ ಅದನ್ನು ಬಿಡಿಸಿದಾಗ ಹಿಂದೆ ಕಂಡದ್ದು ಒಂದು ಬೆಳ್ಳನೆಯ ಗೋಡೆ. ಕೊಳವೆ ಕಾಣದು, ಅದರ ಮೇಲಿನ ತಗಡಿನ ರೆಕ್ಕೆಗಳು ಕಾಣವು, ಕೆಳಗಿನಿಂದ ಮೇಲಿನವರೆಗೆ ಅಂಗೈ ದಪ್ಪ ಐಸ್. ನಾನು ಅಭ್ಯಾಸಬಲದಿಂದ ಕೈ ಮುಗಿಯುವುದರಲ್ಲಿದ್ದೆ.

ಆಗ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಜಾತಿಯ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಒಂದೇ ಕಡೆ, ಆ ಹಿಂಗೋಡೆಯ ಸುರುಳಿಯಲ್ಲಿ. ಒಂದು ಪುಟ್ಟ ಫ್ಯಾನು ಅಲ್ಲಿನ ತಂಪು ಗಾಳಿಯನ್ನು ಮೇಲಕ್ಕೂ ಹರಡಿ ಕೆಳಗಿನ ಖಾನೆಗೂ ದೂಡುತ್ತದೆ. ನಾವು ಬಾಗಿಲು ತೆಗೆದಾಗಲೆಲ್ಲ ಒಳಗೆ ನುಗ್ಗುವ ಹಸಿ ಗಾಳಿ ಆ ಸುರುಳಿಯ ಮೇಲೆ ಇಬ್ಬನಿಯಾಗಿ ಕೂತು ಹೆಪ್ಪುಗಟ್ಟುತ್ತದೆ. ಅದಕ್ಕೇ ಕೆಲವು ಗಂಟೆಗಳಿಗೊಮ್ಮೆ ಟೈಮರ್ ಎಂಬುದು ಕಂಪ್ರೆಸರನ್ನು ನಿಲ್ಲಿಸಿ ಸುರುಳಿಯ ಕೆಳಗಿನ ಹೀಟರನ್ನು ಹೊತ್ತಿಸುತ್ತದೆ. ಹೆಪ್ಪು ಕರಗಿ, ಕೊಳವೆಯಲ್ಲಿ ಇಳಿದು, ಫ್ರಿಜ್ಜಿನ ಬುಡದ ತಟ್ಟೆಗೆ ಬಿದ್ದು, ಕಂಪ್ರೆಸರಿನ ಬಿಸಿಗೆ ಆರಿಹೋಗುತ್ತದೆ. ನಮಗೆ ಏನೊಂದೂ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ಹೀಟರ್ ಹೊತ್ತುವುದು ಯಾವಾಗಲೋ ನಿಂತುಹೋಗಿತ್ತು. ಐಸಿನ ಮೇಲೆ ಐಸ್ ಕೂತು ಗಾಳಿಯ ದಾರಿಯೇ ಮುಚ್ಚಿತ್ತು. ಉಳಿದ ಸಂದಿಗೆ ನಮ್ಮ ನಾಲ್ಕು ಡಬ್ಬಿ ಅವರೆಕಾಳು ಅಡ್ಡ ನಿಂತಿತ್ತು. “ಗಾಳಿ ಬರೋ ಬಾಯಿಗೇ ಕಾಳು ತುಂಬಿಟ್ಟಿದ್ದೀರಲ್ಲ ಮೇಷ್ಟ್ರೇ” ಎಂದರು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಐಸಿನ ಕಡೆ ನೋಡಿದೆ.

ಅಂದರೆ ನಮ್ಮ ಫ್ರಿಜ್ ತಂಪು ಸಾಲದೆ ಕೆಟ್ಟದ್ದಲ್ಲ, ಹೆಚ್ಚಾಗಿ ಕೆಟ್ಟದ್ದು. ಮತ್ತು ಅಷ್ಟು ದೊಡ್ಡ ತಂಪುಪೆಟ್ಟಿಗೆಯಲ್ಲಿ ಹಾಳಾಗಿದ್ದುದು ಬಿಸಿಮಾಡುವ ಭಾಗ!

ಇಡೀ ರಾತ್ರಿ ಎರಡೂ ಬಾಗಿಲು ತೆರೆದಿಟ್ಟು, ಕೆಳಗೆ ಹಳೆ ಟವೆಲು, ಪಂಚೆ ಹಾಸಿದೆವು. “ಚಾಕು ಗೀಕು ಹಾಕಬೇಡಿ” ಎಂದು ಅವರು ಎಚ್ಚರಿಸಿದಾಗ ಗೋಡೆಯ ಮೇಲಿದ್ದ ಅಪ್ಪನ ಫೋಟೋವನ್ನು ನಾವ್ಯಾರೂ ನೋಡಲಿಲ್ಲ. ರಾತ್ರಿಯೆಲ್ಲ ತೊಟ್ಟಿಕ್ಕುವ ಸದ್ದು. ಶನಿವಾರ ಬೆಳಿಗ್ಗೆ ಮೀಟರು ಹಿಡಿದು ಒಂದೊಂದೇ ತಂತಿ ಮುಟ್ಟಿಸಿ ನೋಡಿದರು. ಹೀಟರ್ ಚೆನ್ನಾಗಿತ್ತು, ಟೈಮರ್ ತಿರುಗುತ್ತಿತ್ತು. ಅವೆರಡರ ನಡುವೆ ಸುರುಳಿಗೆ ಕಚ್ಚಿಕೊಂಡಿದ್ದ, ನಾಲ್ಕಾಣೆ ಬಿಲ್ಲೆಯಷ್ಟಗಲದ ಒಂದು ಗುಂಡು ವಸ್ತು ಸತ್ತಿತ್ತು.

“ಇದು ಬೈಮೆಟಲ್. ಎರಡು ಲೋಹ ಬೆಸೆದಿರ್ತಾರೆ. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತೆ, ಇನ್ನೊಂದು ಕಮ್ಮಿ. ಅದಕ್ಕೆ ಬಗ್ಗುತ್ತೆ. ಬಗ್ಗಿದಾಗ ಕರೆಂಟ್ ಕಟ್, ತಣ್ಣಗಾದಾಗ ಮತ್ತೆ ಸೇರುತ್ತೆ. ಇದು ಸೇರೋದನ್ನ ಬಿಟ್ಟುಬಿಟ್ಟಿದೆ.”

ನಾನು ಹೆಂಡತಿಯತ್ತ ತಿರುಗಿದೆ. ಒಬ್ಬರು ಏಳಕ್ಕೆ, ಒಬ್ಬರು ಒಂದಕ್ಕೆ. ಹೀಗೆ ಬೇರೆ ಬೇರೆ ಅಳತೆಯಲ್ಲಿ ಹಿಗ್ಗುವ ಎರಡನ್ನು ಬೆಸೆದು, ಬಿಸಿಯಾದಾಗ ಬಗ್ಗುತ್ತದೆ, ತಣ್ಣಗಾದಾಗ ಸೇರುತ್ತದೆ ಎಂದು ನಂಬಿಕೊಂಡಿರುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆ. ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಹೊಸ ಬೈಮೆಟಲ್ಲಿಗೆ 250, ಕೂಲಿ 400. ಒಟ್ಟು 650 ರೂಪಾಯಿ. ಗ್ಯಾಸ್ ತುಂಬಿಸಬೇಕೇ ಎಂದು ಕೇಳಿದೆ. “ಅದು ಸ್ಕೂಟರಿನ ಪೆಟ್ರೋಲಲ್ಲ, ಖರ್ಚಾಗಲ್ಲ. ಸೋರಿದ್ರೆ ಮಾತ್ರ ಕಮ್ಮಿಯಾಗೋದು. ಸೋರಿದ್ರೆ ಮೊದಲು ತೂತು ಹುಡುಕಬೇಕು, ಸುಮ್ಮನೆ ತುಂಬಬಾರದು” ಎಂದರು. ಅಮ್ಮನ ಸಿಲಿಂಡರಿನ ಮಾತನ್ನು ನಗಲೆಂದು ಹೇಳಿದೆ. ಅವರು ನಗಲಿಲ್ಲ. “ಅಮ್ಮ ಹೇಳಿದ್ದು ತಪ್ಪಲ್ಲ ಮೇಷ್ಟ್ರೇ. ಈಗಿನ ಫ್ರಿಜ್ಜಲ್ಲಿ ಬರ್ತಿರೋದು ಒಲೆ ಗ್ಯಾಸಿನ ನೆಂಟನೇ. ಹಳೇ ಗ್ಯಾಸು ಆಕಾಶಕ್ಕೆ ಕೆಟ್ಟದ್ದು ಅಂತ ನಿಲ್ಲಿಸಿದ್ರು.” ಓಜೋನ್ ಪದರವನ್ನು ತಿನ್ನುವ ಗ್ಯಾಸುಗಳನ್ನು ಬಿಡಬೇಕೆಂದು 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಗಿ, ಈಗ ಮನೆಯ ಫ್ರಿಜ್ಜುಗಳಿಗೆ ಬಹುಪಾಲು ಐಸೊಬ್ಯುಟೇನ್ ತುಂಬುತ್ತಾರೆ. ಒಂದು ಫ್ರಿಜ್ಜಿಗೆ ಕೆಲವು ಚಮಚೆಯಷ್ಟು. ಅಮ್ಮ ಒಳಗಿನಿಂದ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು. ಎರಡನೆಯ ಕಾಫಿ ಆಕೆ ಸುಮ್ಮನೆ ಯಾರಿಗೂ ಕೊಡುವವಳಲ್ಲ.

ಈಗ ಫ್ರಿಜ್ ಗೋಡೆಗೆ ಒಂದು ಗೇಣು ಬಿಟ್ಟು ನಿಂತಿದೆ. ಗುಂಡಿ ನಾಲ್ಕರಲ್ಲಿದೆ, ಅದರ ಮೇಲೆ ಇಬ್ಬರ ಸಮ್ಮುಖದಲ್ಲಿ ಅಂಟಿಸಿದ ಟೇಪಿದೆ. ಹೂಜಿ ಕಿಟಕಿಯ ಬಳಿಯೇ ಉಳಿಯಿತು. ಓದುಗರೇ, ನಿಮ್ಮ ಮನೆಯ ಫ್ರಿಜ್ಜಿನಲ್ಲೂ ಮೇಲೆ ಬಂಡೆ, ಕೆಳಗೆ ಬಿಸಿಲು ಎಂದಾದರೆ ಕೂಡಲೇ ಮಾರಬೇಡಿ. ಪ್ಲಗ್ ಕೀಳಿ, ಖಾಲಿ ಮಾಡಿ, ಒಂದು ದಿನ ಪೂರ್ತಿ ಬಾಗಿಲು ತೆರೆದಿಡಿ. ಕರಗಿದ ಮೇಲೆ ನಾಲ್ಕು ದಿನ ಸರಿಯಾಗಿ ನಡೆದು ಮತ್ತೆ ಕೆಟ್ಟರೆ, ಹೋಗಿರುವುದು ಕಂಪ್ರೆಸರಲ್ಲ, ಕರಗಿಸುವ ಏರ್ಪಾಡು ಎಂದು ತಿಳಿಯಿರಿ. ಬಂದವರು ಹಿಂಗೋಡೆ ಬಿಚ್ಚದೆ ಬೆಲೆ ಹೇಳಿದರೆ ಕಾಫಿ ಕೊಟ್ಟು ಕಳಿಸಿ.

ರಿಪೇರಿಯಾದ ದಿನ ಸಂಜೆ, ನಾಲ್ಕು ಡಿಗ್ರಿಗೆ ಇಳಿದ ಖಾಲಿ ಫ್ರಿಜ್ಜನ್ನು ನಾನೂ ಹೆಂಡತಿಯೂ ಮುಂದೆ ನಿಂತು ನೋಡುತ್ತಿದ್ದೆವು. ಇನ್ನು ಮೇಲೆ ಇದರಲ್ಲಿ ಹಾಲು, ಮೊಸರು, ತರಕಾರಿ ಬಿಟ್ಟು ಬೇರೇನೂ ಇಡಬಾರದೆಂದು ನಿರ್ಣಯ ಮಾಡಿದೆವು. ಅಮ್ಮ ನಮ್ಮಿಬ್ಬರ ನಡುವೆ ತೂರಿಕೊಂಡು ಬಂದು, ಮಧ್ಯದ ತಟ್ಟೆಯ ಮೇಲೆ ಒಂದು ಬಟ್ಟಲಿಟ್ಟು, ಅದಕ್ಕೆ ಸೇರದ ತಟ್ಟೆ ಮುಚ್ಚಿ ಹೋದಳು. ಮಧ್ಯಾಹ್ನ ಮಿಕ್ಕಿದ್ದ ಅವರೆಕಾಳಿನ ಹುಳಿ.